ಬಳಸಿದ ಕಾರುಗಳ ಮಾರಾಟ ಮತ್ತು ಓಡೋಮೀಟರ್ ವಂಚನೆ: ಗ್ರಾಮೀಣ ಖರೀದಿದಾರರ ದೃಷ್ಟಿಯಿಂದ ಒಂದು ವಿಶ್ಲೇಷಣೆ

ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿನ ಮಾಕವಳ್ಳಿ ಗ್ರಾಮವು ಸಕ್ಕರೆ ಕಾರ್ಖಾನೆಯಿಂದಾಗಿ ಹೆಸರಾದುದು. ಕಬ್ಬು ಬೆಳೆಯುವ ಇಂತಹ ಊರುಗಳಲ್ಲಿ ಹಂಗಾಮಿನ ಹಣ ಕೈಸೇರಿದ ನಂತರದ ತಿಂಗಳುಗಳಲ್ಲಿಯೇ ಮನೆಯ ದೊಡ್ಡ ಖರ್ಚುಗಳು ನಿರ್ಧಾರವಾಗುವುದು ವಾಡಿಕೆ. ಮನೆ ದುರಸ್ತಿ, ಮದುವೆ, ಕೊಳವೆಬಾವಿ ಇವುಗಳ ಸಾಲಿಗೆ ಈಗ ಬಳಸಿದ ಕಾರಿನ ಖರೀದಿಯೂ ಸೇರಿಕೊಂಡಿದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಿಗೆ ಒಂದು ಕಡೆ ಮೈಸೂರು, ಮತ್ತೊಂದು ಕಡೆ ಬೆಂಗಳೂರು ಸಮೀಪವಾಗಿದ್ದು, ಈ ಎರಡೂ ನಗರಗಳಲ್ಲಿ ಬಳಸಿದ ವಾಹನಗಳ ವ್ಯಾಪಾರವು ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿರುತ್ತದೆ. ದೇಶದಲ್ಲಿ ಇಂದು ವರ್ಷವೊಂದಕ್ಕೆ ಮಾರಾಟವಾಗುವ ಹೊಸ ಕಾರುಗಳಿಗಿಂತ ಬಳಸಿದ ಕಾರುಗಳ ಸಂಖ್ಯೆಯೇ ಅಧಿಕವೆಂಬುದು ವಾಹನೋದ್ಯಮದ ಎಲ್ಲ ಅಂದಾಜುಗಳಲ್ಲಿಯೂ ಕಂಡುಬರುವ ಅಂಶ.

ಈ ಖರೀದಿಯಲ್ಲಿ ಪಣಕ್ಕಿಡುವ ಮೊತ್ತ ಎಷ್ಟೆಂಬುದನ್ನು ಕಬ್ಬಿನ ಲೆಕ್ಕದಲ್ಲಿಯೇ ನೋಡಬಹುದು. 2025-26ನೇ ಹಂಗಾಮಿಗೆ ಕೇಂದ್ರ ಸರ್ಕಾರವು ಶೇಕಡಾ 9.5 ಅಥವಾ ಅದಕ್ಕಿಂತ ಕಡಿಮೆ ಇಳುವರಿಯ ಕಬ್ಬಿಗೆ ಕ್ವಿಂಟಾಲಿಗೆ ರೂ. 329.05ರಂತೆ ನ್ಯಾಯಸಮ್ಮತ ಮತ್ತು ಲಾಭದಾಯಕ ದರವನ್ನು ನಿಗದಿಪಡಿಸಿದೆ. ಈ ದರದಲ್ಲಿ ಮೂರು ಲಕ್ಷ ರೂಪಾಯಿಗಳ ಕಾರೊಂದು ಸುಮಾರು 91 ಟನ್ ಕಬ್ಬಿಗೆ ಸಮ. ಕಟಾವು ಮತ್ತು ಸಾಗಾಟದ ವೆಚ್ಚವನ್ನು ಇದರಲ್ಲಿ ಕಳೆದಿರುವುದಿಲ್ಲ. ಇಷ್ಟು ಹಣವನ್ನು ನೀಡಿ ಖರೀದಿಸಿದ ಕಾರು 60,000 ಕಿಲೋಮೀಟರ್ ಓಡಿದೆಯೆಂದು ಮೀಟರ್ ತೋರಿಸುತ್ತಿದ್ದು, ನಿಜದಲ್ಲಿ ಅದು 1,60,000 ಕಿಲೋಮೀಟರ್ ಓಡಿದ್ದರೆ ಖರೀದಿದಾರನು ಕಳೆದುಕೊಳ್ಳುವುದು ಬೆಲೆಯ ವ್ಯತ್ಯಾಸವನ್ನು ಮಾತ್ರವಲ್ಲ.

ಮೀಟರ್ ಹಿಂದಕ್ಕೆ ಹೋಗುವುದೇಕೆ

ವಾಹನವು ಓಡಿದ ಒಟ್ಟು ದೂರವನ್ನು ದಾಖಲಿಸುವ ಉಪಕರಣವೇ ಓಡೋಮೀಟರ್. ಹಿಂದಿನ ಕಾರುಗಳಲ್ಲಿ ಇದು ಕೇಬಲ್ ಮತ್ತು ಹಲ್ಲುಚಕ್ರಗಳಿಂದ ತಿರುಗುವ ಅಂಕಿಗಳ ಸಾಲಾಗಿತ್ತು. ಅದನ್ನು ಬಿಚ್ಚಿ ತಿರುಗಿಸಿದವರ ಕೈಚಳಕವು ಅಂಕಿಗಳು ಸಾಲು ತಪ್ಪಿ ನಿಲ್ಲುವುದರಿಂದ ಹಲವು ಬಾರಿ ಬಯಲಾಗುತ್ತಿತ್ತು. ಡಿಜಿಟಲ್ ಮೀಟರ್ ಬಂದ ಮೇಲೆ ವಂಚನೆ ಅಸಾಧ್ಯವಾಗುವುದೆಂಬ ನಿರೀಕ್ಷೆ ಇತ್ತು. ಆದದ್ದು ವಿರುದ್ಧ. ಅಂಕಿಯು ಈಗ ಒಂದು ಸಣ್ಣ ಚಿಪ್‌ನಲ್ಲಿ ಬರೆದಿಟ್ಟ ದತ್ತಾಂಶವಾಗಿದ್ದು, ಸೂಕ್ತ ಸಾಧನವುಳ್ಳವರು ಅದನ್ನು ಅಲ್ಪ ಸಮಯದಲ್ಲಿ ಬದಲಾಯಿಸಬಲ್ಲರು ಮತ್ತು ಫಲಕದ ಮೇಲೆ ಯಾವ ಗುರುತೂ ಉಳಿಯುವುದಿಲ್ಲ.

ಇದರ ಹಿಂದಿನ ಆರ್ಥಿಕ ಕಾರಣ ಸರಳವಾದುದು. ಬಳಸಿದ ಕಾರಿನ ಬೆಲೆಯು ಮುಖ್ಯವಾಗಿ ಮೂರು ಸಂಗತಿಗಳನ್ನು ಅವಲಂಬಿಸಿರುತ್ತದೆ: ತಯಾರಾದ ವರ್ಷ, ಎಷ್ಟನೆಯ ಮಾಲೀಕರು ಎಂಬುದು ಮತ್ತು ಓಡಿದ ದೂರ. ಮೊದಲ ಎರಡನ್ನು ನೋಂದಣಿ ಪ್ರಮಾಣಪತ್ರವೇ ಹೇಳುತ್ತದೆ. ಮೂರನೆಯದನ್ನು ಯಾವ ಸರ್ಕಾರಿ ದಾಖಲೆಯೂ ಹೇಳುವುದಿಲ್ಲ. ಆರ್.ಸಿ. ಪುಸ್ತಕದಲ್ಲಿ ಎಂಜಿನ್ ಸಂಖ್ಯೆ, ಚಾಸಿಸ್ ಸಂಖ್ಯೆ, ಬಣ್ಣ, ಇಂಧನ ಎಲ್ಲವೂ ನಮೂದಾಗಿದ್ದರೂ ಕಿಲೋಮೀಟರ್‌ಗೆ ಕಲಂ ಇರುವುದಿಲ್ಲ. ಟ್ಯಾಕ್ಸಿ ಮತ್ತು ಆಟೋರಿಕ್ಷಾಗಳ ಬಾಡಿಗೆ ಮೀಟರ್‌ಗಳಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯು ಪರಿಶೀಲಿಸಿ ಮುದ್ರೆ ಹಾಕುತ್ತದೆ. ಖಾಸಗಿ ಕಾರಿನ ಓಡೋಮೀಟರ್‌ಗೆ ಅಂತಹ ಮುದ್ರೆಯಿಲ್ಲ. ಬೆಲೆಯನ್ನು ನಿರ್ಧರಿಸುವ ಅಂಕಿಯೊಂದು ಮಾರುವವನ ವಶದಲ್ಲಿಯೇ ಇರುವ ವ್ಯವಸ್ಥೆಯಲ್ಲಿ ವಂಚನೆ ನಡೆಯದಿದ್ದರೆ ಅದೇ ಆಶ್ಚರ್ಯ.

ಈ ಭಾಗಕ್ಕೆ ಸಂಬಂಧಿಸಿದಂತೆ ವಿಶೇಷವಾಗಿ ಗಮನಿಸಬೇಕಾದುದು ಬಾಡಿಗೆ ಕಾರುಗಳ ವಿಚಾರ. ಬೆಂಗಳೂರು-ಮೈಸೂರು ನಡುವಿನ ಅಂತರ ಸುಮಾರು 145 ಕಿಲೋಮೀಟರ್. ಹಳದಿ ಫಲಕದ ಕಾರೊಂದು ದಿನಕ್ಕೆ ಒಮ್ಮೆ ಹೋಗಿ ಬಂದರೆ 290 ಕಿಲೋಮೀಟರ್, ತಿಂಗಳಿಗೆ 25 ದಿನ ಓಡಿದರೆ 7,250, ವರ್ಷಕ್ಕೆ 87,000 ಕಿಲೋಮೀಟರ್ ಆಗುತ್ತದೆ. ಅದೇ ವರ್ಷ ತಯಾರಾದ, ಮನೆಯವರು ಬಳಸುವ ಕಾರು ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರ್ ದಾಟುವುದೂ ಅಪರೂಪ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ದ್ರುತಗತಿ ಹೆದ್ದಾರಿಯ ನಂತರ ಪ್ರಯಾಣದ ಅವಧಿ ಕಡಿಮೆಯಾಗಿದ್ದು, ದಿನಕ್ಕೆ ಒಂದಕ್ಕಿಂತ ಹೆಚ್ಚು ಬಾಡಿಗೆ ಹೊಡೆಯುವುದಕ್ಕೂ ಅವಕಾಶವಾಗಿದೆ. ಇಂತಹ ಕಾರನ್ನು ಸಾರಿಗೆ ಕಚೇರಿಯ ಅನುಮತಿ ಪಡೆದು ಖಾಸಗಿ ವಾಹನವಾಗಿ ಪರಿವರ್ತಿಸುವುದು ಕಾನೂನುಬದ್ಧವೇ ಆಗಿದೆ. ಪರಿವರ್ತನೆಯಾದ ಸಂಗತಿಯನ್ನು ಮರೆಮಾಡಿ, ಮೀಟರನ್ನು ಇಳಿಸಿ, “ಡಾಕ್ಟರ್ ಓಡಿಸಿದ ಗಾಡಿ” ಎಂದು ಮಾರುವುದು ವಂಚನೆ.

ಇತ್ತೀಚಿನ ತೆರಿಗೆ ಬದಲಾವಣೆಗಳೂ ಈ ವಿಷಯಕ್ಕೆ ಹೊರತಲ್ಲ. 2024ರ ಡಿಸೆಂಬರ್ 21ರಂದು ಜೈಸಲ್ಮೇರ್‌ನಲ್ಲಿ ನಡೆದ ಜಿ.ಎಸ್.ಟಿ. ಮಂಡಳಿಯ 55ನೇ ಸಭೆಯ ಶಿಫಾರಸಿನಂತೆ, ನೋಂದಾಯಿತ ವ್ಯಾಪಾರಿಗಳು ಮಾರುವ ಎಲ್ಲ ಬಗೆಯ ಹಳೆಯ ವಾಹನಗಳ ಮೇಲಿನ ತೆರಿಗೆಯು ಶೇಕಡಾ 18 ಆಯಿತು. ಸಣ್ಣ ಕಾರುಗಳಿಗೆ ಅದುವರೆಗೆ ಶೇಕಡಾ 12ರ ದರವಿತ್ತು. ಈ ತೆರಿಗೆಯನ್ನು ಕಾರಿನ ಪೂರ್ಣ ಬೆಲೆಯ ಮೇಲೆ ವಿಧಿಸದೆ ವ್ಯಾಪಾರಿಗೆ ದೊರೆತ ಲಾಭಾಂಶದ ಮೇಲೆ ಮಾತ್ರ ವಿಧಿಸಲಾಗುತ್ತದೆ. ನೋಂದಣಿಯಿಲ್ಲದ ಸಾಮಾನ್ಯ ವ್ಯಕ್ತಿಯು ಮತ್ತೊಬ್ಬ ವ್ಯಕ್ತಿಗೆ ತನ್ನ ಕಾರನ್ನು ಮಾರಿದಾಗ ಅನ್ವಯಿಸುವುದಿಲ್ಲ. ಈ ಬಗ್ಗೆ ಜನರಲ್ಲಿ ತಪ್ಪು ತಿಳಿವಳಿಕೆ ಬಹಳ ಇದೆ. ನಂತರ 2025ರ ಸೆಪ್ಟೆಂಬರ್ 22ರಿಂದ ಹೊಸ ಸಣ್ಣ ಕಾರುಗಳ ಮೇಲಿನ ತೆರಿಗೆಯು ಶೇಕಡಾ 28ರಿಂದ 18ಕ್ಕೆ ಇಳಿಯಿತು. ಹೊಸ ಕಾರಿನ ಬೆಲೆ ಇಳಿದಾಗ ಹಳೆಯ ಕಾರಿನ ಬೆಲೆಯೂ ಇಳಿಯಲೇಬೇಕು. ಹಾಗೆ ಇಳಿಯದಂತೆ ತಡೆಹಿಡಿಯಲು “ಕಡಿಮೆ ಓಡಿದ ಗಾಡಿ” ಎಂಬ ಮಾತಿಗೆ ಮೊದಲಿಗಿಂತ ಹೆಚ್ಚಿನ ಬೆಲೆ ಬರುವುದು ಸಹಜ.

ವಂಚನೆಯ ಪರಿಣಾಮ ಹಣಕ್ಕೆ ಸೀಮಿತವಾಗಿದ್ದರೆ ಇಷ್ಟು ವಿವರದ ಅಗತ್ಯವಿರಲಿಲ್ಲ. ಕಾರಿನ ನಿರ್ವಹಣೆಯೆಲ್ಲವೂ ಕಿಲೋಮೀಟರ್ ಲೆಕ್ಕದ ಮೇಲೆ ನಡೆಯುತ್ತದೆ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್‌ಗಳಲ್ಲಿ ಆ ಬೆಲ್ಟನ್ನು ತಯಾರಕರು ಸೂಚಿಸಿದ ದೂರಕ್ಕೆ ಬದಲಾಯಿಸತಕ್ಕದ್ದು. ಮೀಟರ್ ಒಂದು ಲಕ್ಷದಷ್ಟು ಹಿಂದಕ್ಕೆ ಹೋಗಿದ್ದಲ್ಲಿ, ಬದಲಾವಣೆಯ ಕಾಲ ಇನ್ನೂ ಬಂದಿಲ್ಲವೆಂದು ಮಾಲೀಕನು ನಂಬಿರುವಾಗಲೇ ಬೆಲ್ಟ್ ತುಂಡಾಗಿ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಎಂಜಿನ್ ಹಾಳಾಗಬಹುದು. ವೇಗವಾಗಿ ಚಲಿಸುತ್ತಿರುವಾಗ ಎಂಜಿನ್ ನಿಂತರೆ ಪವರ್ ಸ್ಟೇರಿಂಗ್ ಮತ್ತು ಬ್ರೇಕ್‌ನ ಸಹಾಯಶಕ್ತಿ ತಪ್ಪುತ್ತದೆ. ಸಸ್ಪೆನ್ಷನ್, ಬ್ರೇಕ್ ಡಿಸ್ಕ್, ಚಕ್ರದ ಬೇರಿಂಗ್‌ಗಳ ಸವೆತದ ವಿಚಾರದಲ್ಲಿಯೂ ಇದೇ ಮಾತು. ಸುಳ್ಳು ಅಂಕಿಯು ಮಾರಾಟದ ದಿನ ಮುಗಿದು ಹೋಗದೆ ಮುಂದಿನ ಪ್ರತಿ ಸರ್ವಿಸ್‌ನಲ್ಲಿಯೂ ಕುಟುಂಬವನ್ನು ತಪ್ಪುದಾರಿಗೆ ಎಳೆಯುತ್ತದೆ.

ಕಾನೂನಿನ ಸ್ಥಿತಿ

ಓಡೋಮೀಟರ್ ತಿದ್ದುವುದನ್ನೇ ಪ್ರತ್ಯೇಕ ಅಪರಾಧವೆಂದು ಹೆಸರಿಸಿ ಶಿಕ್ಷೆ ವಿಧಿಸುವ ಕಾಯ್ದೆಗಳು ಹಲವು ದೇಶಗಳಲ್ಲಿವೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1972ರಲ್ಲಿಯೇ ಒಕ್ಕೂಟದ ಕಾಯ್ದೆ ಬಂದಿತು. ಆದರೂ ಅಲ್ಲಿನ ಹೆದ್ದಾರಿ ಸುರಕ್ಷತಾ ಆಡಳಿತವು ವರ್ಷಕ್ಕೆ 4,50,000ಕ್ಕೂ ಹೆಚ್ಚು ವಾಹನಗಳು ಸುಳ್ಳು ಅಂಕಿಯೊಂದಿಗೆ ಮಾರಾಟವಾಗುತ್ತವೆಂದು ಅಂದಾಜು ಮಾಡಿದೆ. ಜರ್ಮನಿಯಲ್ಲಿ 2005ರಿಂದ ಇದು ದಂಡನೀಯ ಅಪರಾಧ. ಬೆಲ್ಜಿಯಂ ಬೇರೆ ದಾರಿ ಹಿಡಿಯಿತು. ಅಲ್ಲಿ ಗ್ಯಾರೇಜುಗಳು ವಾಹನ ಬಂದಾಗಲೆಲ್ಲ ಅದರ ಕಿಲೋಮೀಟರ್ ಅಂಕಿಯನ್ನು ಕೇಂದ್ರೀಯ ದಾಖಲೆಗೆ ಕಳುಹಿಸಬೇಕು. 2006ರಿಂದ ಮಾರಾಟದ ಸಮಯದಲ್ಲಿ ಆ ದಾಖಲೆಯಿಂದ ಪಡೆದ ‘ಕಾರ್-ಪಾಸ್’ ಪತ್ರವನ್ನು ಖರೀದಿದಾರನಿಗೆ ನೀಡುವುದು ಕಡ್ಡಾಯ. ಶಿಕ್ಷೆಯ ಭಯಕ್ಕಿಂತ ದಾಖಲೆಯ ಸರಪಳಿ ಹೆಚ್ಚು ಪರಿಣಾಮಕಾರಿ ಎಂಬುದಕ್ಕೆ ಈ ದೇಶವನ್ನು ಉದಾಹರಿಸುವುದುಂಟು.

ಭಾರತದ ಮೋಟಾರು ವಾಹನಗಳ ಕಾಯ್ದೆ, 1988ರಲ್ಲಿ ಇಂತಹ ಪ್ರತ್ಯೇಕ ಉಪಬಂಧವಿಲ್ಲ. ಹಾಗೆಂದ ಮಾತ್ರಕ್ಕೆ ಖರೀದಿದಾರನು ಅಸಹಾಯಕನೆಂದು ಭಾವಿಸತಕ್ಕದ್ದಲ್ಲ. ಮಾರಿದವರು ಯಾರು ಎಂಬ ಪ್ರಶ್ನೆಯ ಮೇಲೆ ಅವನ ದಾರಿ ಕವಲೊಡೆಯುತ್ತದೆ.

ಮಾರಿದವರು ವ್ಯಾಪಾರಿಯಾಗಿದ್ದಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಅನ್ವಯಿಸುತ್ತದೆ. ಬಳಸಿದ ವಸ್ತು ಎಂಬ ಕಾರಣದಿಂದ ಖರೀದಿದಾರನು ‘ಗ್ರಾಹಕ’ ಎಂಬ ವ್ಯಾಖ್ಯೆಯಿಂದ ಹೊರಗುಳಿಯುವುದಿಲ್ಲ. ಸರಕಿನ ಗುಣಮಟ್ಟದ ಬಗ್ಗೆ ಸುಳ್ಳು ಹೇಳಿಕೆ ನೀಡುವುದು ಕಲಂ 2(47)ರಡಿ ಅನುಚಿತ ವ್ಯಾಪಾರ ಪದ್ಧತಿಯಾಗುತ್ತದೆ. ಮರುಮಾರಾಟಕ್ಕಾಗಿ ಅಥವಾ ವಾಣಿಜ್ಯ ಉದ್ದೇಶಕ್ಕಾಗಿ ಖರೀದಿಸಿದವರು ಗ್ರಾಹಕರಲ್ಲ. ಆದರೆ ಸ್ವಯಂ ಉದ್ಯೋಗದಿಂದ ಜೀವನೋಪಾಯಕ್ಕಾಗಿ ಮಾತ್ರ ಬಳಸಲು ಖರೀದಿಸಿದವರು, ಅಂದರೆ ತಾನೇ ಓಡಿಸಿ ಬಾಡಿಗೆಯಿಂದ ಬದುಕುವ ಚಾಲಕನಂಥವರು, ಗ್ರಾಹಕರೇ ಆಗಿರುತ್ತಾರೆ.

ಮಾರಿದವರು ಪಕ್ಕದ ಊರಿನ ಒಬ್ಬ ಸಾಮಾನ್ಯ ವ್ಯಕ್ತಿಯಾಗಿದ್ದಲ್ಲಿ ಗ್ರಾಹಕ ಆಯೋಗಕ್ಕೆ ಹೋಗಿ ಪ್ರಯೋಜನವಾಗುವುದು ಕಷ್ಟ. ಆಗ ಭಾರತೀಯ ಕರಾರು ಕಾಯ್ದೆ, 1872 ಮತ್ತು ಸರಕು ಮಾರಾಟ ಕಾಯ್ದೆ, 1930ರ ಮೊರೆ ಹೋಗಿ ಸಿವಿಲ್ ದಾವೆ ಹೂಡಬೇಕಾಗುತ್ತದೆ. ಕರಾರು ಕಾಯ್ದೆಯ 17ನೇ ಕಲಂ ವಂಚನೆಯನ್ನು ವಿವರಿಸುವಾಗ ಕುದುರೆಯ ಮಾರಾಟದ ದೃಷ್ಟಾಂತಗಳನ್ನು ನೀಡಿದೆ. ದೋಷವಿರುವ ಕುದುರೆಯನ್ನು ಹರಾಜಿನಲ್ಲಿ ಮಾರುವವನು ದೋಷದ ಬಗ್ಗೆ ಏನೂ ಹೇಳದೆ ಸುಮ್ಮನಿದ್ದರೆ ಅದು ವಂಚನೆಯಲ್ಲ. ಆದರೆ ಕೊಳ್ಳುವವನು “ನೀವು ಅಲ್ಲಗಳೆಯದಿದ್ದರೆ ಕುದುರೆ ಆರೋಗ್ಯವಾಗಿದೆಯೆಂದೇ ತಿಳಿಯುತ್ತೇನೆ” ಎಂಬರ್ಥದಲ್ಲಿ ಕೇಳಿದಾಗ ಮಾರುವವನು ಮೌನವಾಗಿದ್ದರೆ, ಆ ಮೌನವು ಮಾತಿಗೆ ಸಮ. ನೂರೈವತ್ತು ವರ್ಷಗಳ ಹಿಂದಿನ ಈ ದೃಷ್ಟಾಂತವು ಇಂದಿನ ಕಾರಿಗೆ ಯಥಾವತ್ತಾಗಿ ಹೊಂದುತ್ತದೆ. “ಮೀಟರಿನಲ್ಲಿರುವ ಅಂಕಿ ನಿಜವೇ? ಅಪಘಾತವಾಗಿತ್ತೇ? ಟ್ಯಾಕ್ಸಿಯಾಗಿ ಓಡಿತ್ತೇ?” ಎಂದು ನೇರವಾಗಿ ಕೇಳಿದವನಿಗೂ ಕೇಳದೆ ಹಣ ಕೊಟ್ಟವನಿಗೂ ನ್ಯಾಯಾಲಯದಲ್ಲಿ ದೊರೆಯುವ ನೆಲೆ ಒಂದೇ ಅಲ್ಲ. ಈ ಪ್ರಶ್ನೆಗಳನ್ನು ವಾಟ್ಸಾಪ್ ಸಂದೇಶದಲ್ಲಿ ಕೇಳಿ ಉತ್ತರವನ್ನು ಪಡೆದಿದ್ದರೆ ಇನ್ನೂ ಉತ್ತಮ.

ಅದೇ ಕಾಯ್ದೆಯ 19ನೇ ಕಲಂ ಮತ್ತೊಂದು ಎಚ್ಚರಿಕೆ ನೀಡುತ್ತದೆ. ತಿಳಿಯದೆ ನೀಡಿದ ತಪ್ಪು ಹೇಳಿಕೆಯಿಂದ ಅಥವಾ ವಂಚನೆಯ ಸ್ವರೂಪದ ಮೌನದಿಂದ ಒಪ್ಪಿಗೆ ಪಡೆದಿದ್ದು, ಸಾಧಾರಣ ಎಚ್ಚರಿಕೆ ವಹಿಸಿದ್ದರೆ ಖರೀದಿದಾರನೇ ನಿಜವನ್ನು ಕಂಡುಕೊಳ್ಳಬಹುದಾಗಿತ್ತೆಂದಾದರೆ, ಕರಾರನ್ನು ರದ್ದುಪಡಿಸಲು ಬರುವುದಿಲ್ಲ. ತಿಳಿದೂ ತಿಳಿದೂ ಸುಳ್ಳು ಹೇಳಿದವನಿಗೆ ಈ ರಕ್ಷಣೆಯಿಲ್ಲ. “ಇದ್ದಲ್ಲಿ ಇದ್ದಂತೆ ಕೊಂಡಿದ್ದೇನೆ” ಎಂದು ಛಾಪಾ ಕಾಗದದ ಮೇಲೆ ಬರೆಸಿಕೊಳ್ಳುವ ಪರಿಪಾಠದ ಬಗ್ಗೆಯೂ ಹೀಗೆಯೇ ಹೇಳಬಹುದು. ಗುಣಮಟ್ಟದ ಬಗೆಗಿನ ಗರ್ಭಿತ ಷರತ್ತುಗಳನ್ನು ಅಂತಹ ಬರಹವು ಕೈಬಿಡಿಸಬಹುದೇ ಹೊರತು ವಂಚನೆಯನ್ನು ಕಾನೂನುಬದ್ಧಗೊಳಿಸುವುದಿಲ್ಲ.

ಕ್ರಿಮಿನಲ್ ಮಾರ್ಗವೂ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಕಲಂ 318(4)ರಡಿ, ವಂಚಿಸಿ ಸ್ವತ್ತನ್ನು ಪಡೆದವರಿಗೆ ಏಳು ವರ್ಷಗಳವರೆಗೆ ಕಾರಾವಾಸ ಮತ್ತು ದಂಡ ವಿಧಿಸಬಹುದಾಗಿದೆ. ವ್ಯವಹಾರದ ಸಮಯದಲ್ಲಿಯೇ ಅಪ್ರಾಮಾಣಿಕ ಉದ್ದೇಶವಿತ್ತೆಂಬುದನ್ನು ಇಲ್ಲಿ ತೋರಿಸಬೇಕಾಗುತ್ತದೆ. ಕಾರು ಕೆಟ್ಟುಹೋಯಿತೆಂಬ ಒಂದೇ ಕಾರಣಕ್ಕೆ ಈ ಕಲಂ ಅನ್ವಯಿಸುವುದಿಲ್ಲ. ಹಳೆಯ ಸರ್ವಿಸ್ ದಾಖಲೆಯಲ್ಲಿ 1,42,000 ಎಂದಿದ್ದು ಮಾರಾಟದ ದಿನ 58,000 ಎಂದು ತೋರಿಸಿದ್ದರೆ ಪರಿಸ್ಥಿತಿ ಬೇರೆ.

2022ರ ಡಿಸೆಂಬರ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯು ಈ ವಿಷಯದಲ್ಲಿ ಮಹತ್ವದ್ದು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಈ ನಿಯಮಗಳ ಪ್ರಕಾರ, ನೋಂದಾಯಿತ ವಾಹನಗಳನ್ನು ಕೊಂಡು ಮಾರುವ ವ್ಯಾಪಾರಿಯು ನೋಂದಣಿ ಪ್ರಾಧಿಕಾರದಿಂದ ಐದು ವರ್ಷಗಳ ಅವಧಿಯ ಅಧಿಕಾರ ಪತ್ರ ಪಡೆಯತಕ್ಕದ್ದು. ಮಾಲೀಕನು ವಾಹನವನ್ನು ವ್ಯಾಪಾರಿಗೆ ಒಪ್ಪಿಸಿದ ಕೂಡಲೇ ಅದನ್ನು ಆನ್‌ಲೈನ್‌ನಲ್ಲಿ ತಿಳಿಸಬೇಕು. ಆನಂತರ ವಾಹನದ ಹೊಣೆ ವ್ಯಾಪಾರಿಯದು. ಅವನು ಅದನ್ನು ಪರೀಕ್ಷಾರ್ಥ ಚಾಲನೆ, ದುರಸ್ತಿ, ಪ್ರದರ್ಶನ ಮುಂತಾದ ಸೀಮಿತ ಉದ್ದೇಶಗಳಿಗೆ ಮಾತ್ರ ರಸ್ತೆಗಿಳಿಸಬಹುದು. ಪ್ರತಿ ಸಂಚಾರದ ಉದ್ದೇಶ, ಚಾಲಕ, ಸಮಯ ಮತ್ತು ಓಡಿದ ಕಿಲೋಮೀಟರ್‌ಗಳನ್ನು ವಿದ್ಯುನ್ಮಾನ ವಹಿಯಲ್ಲಿ ದಾಖಲಿಸತಕ್ಕದ್ದು. ಈ ವಹಿಯ ಮೂಲ ಗುರಿ ದುರ್ಬಳಕೆಯನ್ನು ತಡೆಯುವುದಾದರೂ, ವಾಹನವು ವ್ಯಾಪಾರಿಯ ಕೈಗೆ ಬಂದಾಗ ಮೀಟರ್ ಎಷ್ಟಿತ್ತೆಂಬ ಪ್ರಶ್ನೆಗೆ ಉತ್ತರ ದೊರೆಯಬಹುದಾದ ಸ್ಥಳವೂ ಅದೇ. “ನಾನು ಕೊಂಡಾಗಲೇ ಹೀಗಿತ್ತು” ಎಂಬುದು ಈ ವ್ಯವಹಾರದಲ್ಲಿ ಎಲ್ಲರೂ ಹೇಳುವ ಮಾತು. ಆ ಮಾತನ್ನು ಪರೀಕ್ಷಿಸಲು ಇದುವರೆಗೆ ಯಾವ ದಾಖಲೆಯೂ ಇರಲಿಲ್ಲ. ಖರೀದಿದಾರರು ಅಧಿಕಾರ ಪತ್ರವನ್ನು ತೋರಿಸುವಂತೆ ಕೇಳುವುದರಲ್ಲಿ ಸಂಕೋಚಪಡಬೇಕಾದ ಅಗತ್ಯವಿಲ್ಲ.

ತಯಾರಕ ಕಂಪನಿಯನ್ನೂ ಹೊಣೆ ಮಾಡಬಹುದೇ? ಗೋವಾದ ಖರೀದಿದಾರರೊಬ್ಬರಿಗೆ 2011ರ ಮಾದರಿಯ ಹೊಸ ಕಾರೆಂದು ಹೇಳಿ 2009ರಲ್ಲಿ ತಯಾರಾಗಿ 622 ಕಿಲೋಮೀಟರ್ ಓಡಿದ್ದ ಕಾರನ್ನು ಮಾರಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2021ರ ಫೆಬ್ರುವರಿಯಲ್ಲಿ ತೀರ್ಪು ನೀಡಿತು. ತಯಾರಕರಿಗೂ ಮಾರಾಟಗಾರರಿಗೂ ಇರುವ ಸಂಬಂಧವು ಸ್ವತಂತ್ರ ವ್ಯಾಪಾರಿಗಳ ನಡುವಿನದಾಗಿದ್ದು, ಮಾರಾಟಗಾರನ ಕೃತ್ಯವು ತಯಾರಕರಿಗೆ ತಿಳಿದಿತ್ತೆಂದು ತೋರಿಸದ ಹೊರತು ಅವರನ್ನು ಹೊಣೆ ಮಾಡಲಾಗದೆಂದು ನ್ಯಾಯಾಲಯ ಅಭಿಪ್ರಾಯಪಟ್ಟಿತು. ಆದುದರಿಂದ ದೂರಿನಲ್ಲಿ ದೊಡ್ಡ ಹೆಸರುಗಳನ್ನೆಲ್ಲ ಸೇರಿಸುವುದಕ್ಕಿಂತ ಹೇಳಿಕೆ ನೀಡಿ ಹಣ ಪಡೆದವರನ್ನು ಸರಿಯಾಗಿ ಗುರುತಿಸುವುದು ಮುಖ್ಯ.

ಬಯಾನ ನೀಡುವ ಮುನ್ನ

ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿಯ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತನು ಮಾರುವವನು ಹೇಳಿದ ವಯಸ್ಸನ್ನು ನಂಬುವುದಿಲ್ಲ. ಬಾಯಿ ತೆರೆಸಿ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಡೆಸಿ ನೋಡುತ್ತಾನೆ. ಕಾರಿಗೂ ಹಲ್ಲುಗಳಿವೆ. ಕ್ಲಚ್ ಮತ್ತು ಬ್ರೇಕ್ ಪೆಡಲ್‌ಗಳ ರಬ್ಬರ್, ಸ್ಟೇರಿಂಗ್‌ನ ಹಿಡಿಕೆ, ಗೇರ್ ಗುಂಡಿ, ಚಾಲಕನ ಆಸನದ ಅಂಚು, ಇವು ಓಡಿದ ದೂರವನ್ನು ತಕ್ಕಮಟ್ಟಿಗೆ ಹೇಳುತ್ತವೆ. 30,000 ಕಿಲೋಮೀಟರ್ ಓಡಿದೆಯೆನ್ನುವ ಕಾರಿನಲ್ಲಿ ಪೆಡಲ್ ರಬ್ಬರ್ ಸವೆದು ನುಣುಪಾಗಿದ್ದರೆ ಅಥವಾ ಅದೊಂದೇ ಹೊಚ್ಚಹೊಸದಾಗಿದ್ದರೆ ಎರಡೂ ಸಂಶಯಕ್ಕೆ ಕಾರಣ. ಟೈರಿನ ಬದಿಯಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರವನ್ನೂ ಕೊನೆಯೆರಡು ವರ್ಷವನ್ನೂ ಸೂಚಿಸುತ್ತವೆ. ಕಡಿಮೆ ಓಡಿದ ಕಾರಿಗೆ ಈಗಾಗಲೇ ಎರಡು ಬಾರಿ ಟೈರ್ ಬದಲಾಗಿದ್ದರೆ ಕಾರಣ ಕೇಳಬೇಕು.

ಕಣ್ಣಿಗೆ ಕಾಣುವ ಗುರುತುಗಳಿಗಿಂತ ಕಾಗದಪತ್ರಗಳು ಬಲವಾದವು. ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರಗಳು ಪ್ರತಿ ಬಾರಿ ವಾಹನ ಬಂದಾಗಲೂ ಅದರ ಕಿಲೋಮೀಟರನ್ನು ಗಣಕಯಂತ್ರದಲ್ಲಿ ದಾಖಲಿಸುತ್ತವೆ. ಮಾಲೀಕನ ಸಹಕಾರದೊಂದಿಗೆ ಆ ಇತಿಹಾಸವನ್ನು ಪಡೆಯುವುದು ಕಷ್ಟವಲ್ಲ. ಸಹಕಾರ ನೀಡಲು ಮಾಲೀಕನು ನಿರಾಕರಿಸಿದರೆ ಅದೂ ಒಂದು ಉತ್ತರವೇ. ಫಾಸ್ಟ್‌ಟ್ಯಾಗ್ 2021ರ ಫೆಬ್ರುವರಿಯಿಂದ ಕಡ್ಡಾಯವಾಗಿರುವುದರಿಂದ, ಟೋಲ್ ಪಾವತಿಗಳ ವಿವರದಲ್ಲಿ ವಾಹನದ ಓಡಾಟದ ಚಿತ್ರ ಸಿಗುತ್ತದೆ. ದಿನವೂ ಎರಡು ಬಾರಿ ಟೋಲ್ ದಾಟಿದ ಕಾರು “ಭಾನುವಾರ ಮಾತ್ರ ಹೊರಗೆ ತೆಗೆಯುತ್ತಿದ್ದ ಗಾಡಿ” ಆಗಿರಲಾರದು. ಹಲವು ಆಧುನಿಕ ಕಾರುಗಳಲ್ಲಿ ದೂರದ ಅಂಕಿಯು ಮೀಟರ್ ಫಲಕದಲ್ಲಿ ಮಾತ್ರವಲ್ಲದೆ ಎಂಜಿನ್, ಗೇರ್‌ಬಾಕ್ಸ್ ಅಥವಾ ಎ.ಬಿ.ಎಸ್. ನಿಯಂತ್ರಣ ಘಟಕಗಳಲ್ಲಿಯೂ ಉಳಿದಿರುತ್ತದೆ. ಸ್ಕ್ಯಾನರ್ ಹೊಂದಿರುವ ಮೆಕ್ಯಾನಿಕ್ ಇವುಗಳನ್ನು ಹೋಲಿಸಿ ನೋಡಬಲ್ಲರು.

ವಿಮಾ ಪಾಲಿಸಿಯನ್ನು ಯಾರೂ ಸರಿಯಾಗಿ ಓದುವುದಿಲ್ಲ. ಕ್ಲೇಮ್ ಮಾಡದ ವರ್ಷಗಳಿಗೆ ದೊರೆಯುವ ‘ನೋ ಕ್ಲೇಮ್ ಬೋನಸ್’ ಶೇಕಡಾ 20ರಿಂದ ಆರಂಭವಾಗಿ ಐದು ವರ್ಷಗಳಲ್ಲಿ ಶೇಕಡಾ 50ಕ್ಕೆ ಏರುತ್ತದೆ. ಒಬ್ಬನೇ ಮಾಲೀಕನ ಬಳಿ ಆರು ವರ್ಷ ಇದ್ದ ಕಾರಿನ ಪಾಲಿಸಿಯಲ್ಲಿ ಬೋನಸ್ ಸೊನ್ನೆ ಎಂದಿದ್ದರೆ, ಹಿಂದಿನ ಅವಧಿಯಲ್ಲಿ ಕ್ಲೇಮ್ ಆಗಿರುವ ಅಥವಾ ವಿಮೆ ತಪ್ಪಿಹೋಗಿರುವ ಸಾಧ್ಯತೆಯಿದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತಲಿನ ಬಡಾವಣೆಗಳು ಮುಳುಗಿದಾಗ ಬಹಳಷ್ಟು ಕಾರುಗಳು ನೀರಿನಲ್ಲಿ ನಿಂತಿದ್ದವು. ಇಂತಹ ವಾಹನಗಳನ್ನು ತೊಳೆದು, ಒರೆಸಿ, ದೂರದ ಊರುಗಳಲ್ಲಿ ಮಾರುವುದಕ್ಕೆ ಅವಕಾಶವಿರುವುದರಿಂದ ನೆಲಹಾಸಿನ ಅಡಿಯ ಕೆಸರು, ಆಸನದ ಹಳಿಗಳ ತುಕ್ಕು, ದೀಪಗಳ ಒಳಗಿನ ತೇವವನ್ನು ಪರಿಶೀಲಿಸುವುದು ಸೂಕ್ತ.

ಎಂ-ಪರಿವಾಹನ್ ಆ್ಯಪ್‌ನಲ್ಲಿ ನೋಂದಣಿ ದಿನಾಂಕ, ಎಷ್ಟನೆಯ ಮಾಲೀಕರು, ವಾಹನದ ವರ್ಗ, ವಿಮೆಯ ಅವಧಿ ಮುಂತಾದವನ್ನು ನೋಡಬಹುದು. ಸಾಲದ ನಮೂದು ಇದ್ದಲ್ಲಿ ಬ್ಯಾಂಕಿನ ಪತ್ರ ಮತ್ತು ನಮೂನೆ 35 ಇಲ್ಲದೆ ಮುಂದುವರಿಯತಕ್ಕದ್ದಲ್ಲ. ಹೊರರಾಜ್ಯದ ಕಾರುಗಳ ಬೆಲೆ ಕಡಿಮೆಯೆಂದು ಆಕರ್ಷಿತರಾಗುವವರು ಕರ್ನಾಟಕದ ಜೀವಾವಧಿ ತೆರಿಗೆಯನ್ನು ಆ ಬೆಲೆಗೆ ಸೇರಿಸಿ ಲೆಕ್ಕ ಹಾಕಬೇಕು.

ನೋಂದಣಿ ಮತ್ತು ವಿಮೆಯ ವರ್ಗಾವಣೆ

ಮಾರಿದವನು ರಾಜ್ಯದೊಳಗಿನ ವರ್ಗಾವಣೆಯನ್ನು 14 ದಿನಗಳೊಳಗೆ ವರದಿ ಮಾಡತಕ್ಕದ್ದು. ಕೊಂಡವನು 30 ದಿನಗಳೊಳಗೆ ಅರ್ಜಿ ಸಲ್ಲಿಸತಕ್ಕದ್ದು. ನಮೂನೆ 29 ಮತ್ತು 30ಕ್ಕೆ ಸಹಿ ಹಾಕಿಸಿ ಇಟ್ಟುಕೊಂಡರೆ ಸಾಕೆಂಬ ಭಾವನೆ ತಪ್ಪು. 2018ರ ಫೆಬ್ರುವರಿ 6ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ವಾಹನವು ಕೈಯಿಂದ ಕೈಗೆ ಮಾರಾಟವಾಗಿದ್ದರೂ ಅಪಘಾತದ ದಿನ ಯಾರ ಹೆಸರು ನೋಂದಣಿಯಲ್ಲಿದೆಯೋ ಅವರೇ ಪರಿಹಾರಕ್ಕೆ ಹೊಣೆಯೆಂದು ಸ್ಪಷ್ಟಪಡಿಸಿದೆ. ವಿಮೆಯ ವರ್ಗಾವಣೆಗೆ 14 ದಿನಗಳೊಳಗೆ ಅರ್ಜಿ ನೀಡಬೇಕು. ಮೂರನೇ ವ್ಯಕ್ತಿಯ ವಿಮೆ ತಾನಾಗಿಯೇ ವರ್ಗಾವಣೆಯಾದಂತೆ ಪರಿಗಣಿತವಾದರೂ ಸ್ವಂತ ಹಾನಿಯ ವಿಮೆಗೆ ಆ ಸೌಲಭ್ಯವಿಲ್ಲ. ಬೋನಸ್ ಹಳೆಯ ಮಾಲೀಕನಿಗೆ ಸೇರಿದ್ದು, ವಾಹನದೊಂದಿಗೆ ಬರುವುದಿಲ್ಲ. ಮಂಡ್ಯ ಜಿಲ್ಲೆಯಲ್ಲಿ ಮಂಡ್ಯ (ಕೆಎ-11) ಮತ್ತು ನಾಗಮಂಗಲ (ಕೆಎ-54) ಕಚೇರಿಗಳಿವೆ.

ಸಂಶಯ ಬಂದ ನಂತರ

ಎಂಜಿನ್ ಕೆಟ್ಟು ನಿಂತಾಗ ಮೊದಲು ದುರಸ್ತಿ, ನಂತರ ದೂರು ಎಂಬುದು ಸಹಜ ಪ್ರವೃತ್ತಿ. ಸಾಕ್ಷ್ಯದ ದೃಷ್ಟಿಯಿಂದ ಇದು ಹಾನಿಕರ. ಬಿಚ್ಚಿದ ಎಂಜಿನ್, ಎಸೆದ ಬಿಡಿಭಾಗ, ಬದಲಾದ ಮೀಟರ್ ಫಲಕ ಇವುಗಳಿಂದ ಏನನ್ನೂ ಸಾಬೀತುಪಡಿಸಲಾಗದು. ಮೀಟರ್ ಅಂಕಿಯ ಛಾಯಾಚಿತ್ರ, ಸ್ಕ್ಯಾನರ್ ವರದಿ, ಹಿಂದಿನ ಸರ್ವಿಸ್ ದಾಖಲೆಗಳ ಪ್ರತಿ ಮತ್ತು ಮೆಕ್ಯಾನಿಕ್‌ನ ಸಹಿಯುಳ್ಳ ಲಿಖಿತ ವರದಿಯನ್ನು ಮೊದಲು ಸಂಗ್ರಹಿಸತಕ್ಕದ್ದು. ಮಾರಾಟದ ಜಾಹೀರಾತಿನ ಪ್ರತಿಯನ್ನೂ ಉಳಿಸಿಕೊಳ್ಳಬೇಕು. ಆನ್‌ಲೈನ್ ಜಾಹೀರಾತುಗಳು ವ್ಯವಹಾರ ಮುಗಿದ ಕೂಡಲೇ ಮಾಯವಾಗುತ್ತವೆ. ವಾಟ್ಸಾಪ್ ಸಂದೇಶಗಳಿರುವ ಮೂಲ ಫೋನನ್ನು ಮಾರಬಾರದು. ವಾಹನವನ್ನು ಸಾಧ್ಯವಾದಷ್ಟು ಓಡಿಸದಿರುವುದು ಒಳಿತು. ಇನ್ನೂ ಹತ್ತು ಸಾವಿರ ಕಿಲೋಮೀಟರ್ ಓಡಿಸಿ ಹಣ ವಾಪಸು ಕೇಳುವವರ ವಾದ ದುರ್ಬಲವಾಗುತ್ತದೆ.

ಆನಂತರ ಮಾರಿದವರಿಗೆ ಲಿಖಿತ ನೋಟಿಸನ್ನು ಸ್ವೀಕೃತಿ ದೊರೆಯುವ ಅಂಚೆಯ ಮೂಲಕ ಕಳುಹಿಸಬೇಕು. ಹಣ ವಾಪಸು ಬೇಕೇ, ಬೆಲೆಯ ವ್ಯತ್ಯಾಸ ಬೇಕೇ, ದುರಸ್ತಿ ವೆಚ್ಚ ಬೇಕೇ ಎಂಬುದು ಅದರಲ್ಲಿ ಸ್ಪಷ್ಟವಾಗಿರತಕ್ಕದ್ದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದಲ್ಲಿ ವ್ಯಾಪಾರಿಯೊಂದಿಗೆ ರಾಜಿಗೆ ಪ್ರಯತ್ನಿಸಲಾಗುತ್ತದೆ. ಆದರೆ ಸಹಾಯವಾಣಿಗೆ ಆದೇಶ ಹೊರಡಿಸುವ ಅಧಿಕಾರವಿಲ್ಲ.

ಮಾಕವಳ್ಳಿಯವರು ಬೆಂಗಳೂರಿನ ವ್ಯಾಪಾರಿಯಿಂದ ಕೊಂಡ ಕಾರಿಗಾಗಿ ಬೆಂಗಳೂರಿಗೇ ಅಲೆಯಬೇಕೆಂಬುದು 1986ರ ಹಳೆಯ ಕಾಯ್ದೆಯ ಕಾಲದ ತೊಂದರೆಯಾಗಿತ್ತು. 2019ರ ಕಾಯ್ದೆಯ 34ನೇ ಕಲಂ ಪ್ರಕಾರ ದೂರುದಾರನು ವಾಸಿಸುವ ಸ್ಥಳದ ಜಿಲ್ಲಾ ಆಯೋಗಕ್ಕೂ ಅಧಿಕಾರ ವ್ಯಾಪ್ತಿಯಿರುವುದರಿಂದ ಮಂಡ್ಯದ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಪಾವತಿಸಿದ ಬೆಲೆ 50 ಲಕ್ಷ ರೂಪಾಯಿಗಳವರೆಗಿನ ಪ್ರಕರಣಗಳು ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುತ್ತವೆ. ಐದು ಲಕ್ಷದವರೆಗೆ ಶುಲ್ಕವಿಲ್ಲ. ಐದರಿಂದ ಹತ್ತು ಲಕ್ಷದವರೆಗೆ ರೂ. 200 ಮಾತ್ರ. ವಕೀಲರಿಲ್ಲದೆಯೂ ದೂರು ನೀಡಬಹುದು. ವ್ಯಾಜ್ಯದ ಕಾರಣ ಉಂಟಾದ ದಿನದಿಂದ ಎರಡು ವರ್ಷಗಳೊಳಗೆ ದೂರು ಸಲ್ಲಿಕೆಯಾಗತಕ್ಕದ್ದು. ಪರೀಕ್ಷೆಯಿಲ್ಲದೆ ದೋಷವನ್ನು ನಿರ್ಧರಿಸಲಾಗದ ಸಂದರ್ಭದಲ್ಲಿ ಆಯೋಗವು ಸೂಕ್ತ ಪ್ರಯೋಗಾಲಯದ ವರದಿ ತರಿಸಿಕೊಳ್ಳಬಹುದಾಗಿದ್ದು, ದೂರುದಾರರು ಇದನ್ನು ಅರ್ಜಿಯ ಮೂಲಕ ಕೋರಬಹುದು. ಎದುರುದಾರರಿಗೆ ನೋಟಿಸು ತಲುಪಿದ ದಿನದಿಂದ ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದಲ್ಲಿ ಐದು ತಿಂಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಇದಕ್ಕಿಂತ ಹೆಚ್ಚು ಕಾಲ ಹಿಡಿಯುವುದನ್ನು ನಿರೀಕ್ಷಿಸಿ ಸಿದ್ಧರಾಗಿರುವುದು ವಿವೇಕ.

ಖಾಸಗಿ ವ್ಯಕ್ತಿಯ ವಿರುದ್ಧದ ಸಿವಿಲ್ ದಾವೆಗೆ ಸಾಮಾನ್ಯವಾಗಿ ಮೂರು ವರ್ಷಗಳ ಕಾಲಮಿತಿಯಿದ್ದು, ವಂಚನೆಯ ಪ್ರಕರಣಗಳಲ್ಲಿ ಅದು ಬೆಳಕಿಗೆ ಬಂದ ದಿನದಿಂದ ಲೆಕ್ಕ ಆರಂಭವಾಗುತ್ತದೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು ಹಾಗೂ ಇತರ ಅರ್ಹರು ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ಕಾನೂನು ನೆರವು ಪಡೆಯಬಹುದಾಗಿದೆ.

ಜಿಲ್ಲಾ ಆಯೋಗದ ಆದೇಶದಿಂದ ಬಾಧಿತರಾದವರು 45 ದಿನಗಳೊಳಗೆ ಬೆಂಗಳೂರಿನ ರಾಜ್ಯ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಆದೇಶವಾದ ನಂತರವೂ ಹಣ ಪಾವತಿಸದ ಎದುರುದಾರರಿಗೆ ಕಾಯ್ದೆಯ 72ನೇ ಕಲಂನಡಿ ಒಂದು ತಿಂಗಳಿಂದ ಮೂರು ವರ್ಷಗಳವರೆಗೆ ಕಾರಾವಾಸ ಅಥವಾ ರೂ. 25,000ದಿಂದ ಒಂದು ಲಕ್ಷದವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಇದಕ್ಕಾಗಿ ದೂರುದಾರರು ಅದೇ ಆಯೋಗದ ಮುಂದೆ ಪ್ರತ್ಯೇಕ ಅರ್ಜಿಯನ್ನು ಸಲ್ಲಿಸತಕ್ಕದ್ದು.